ಹಳೆಯ ಬುಲ್ಡೋಜರ್, ಕ್ರಾಲರ್ ಟ್ರ್ಯಾಕ್ಟರುಗಳ ರಿಪೇರಿ ಮತ್ತು ಆರೈಕೆ

ಜನರ ಬಾಯಲ್ಲಿ ಬುಲ್ಡೋಜರ್ ಎಂದರೆ ಇಡೀ ಯಂತ್ರ. ಮೊದಲಿಗೆ ಆ ಹೆಸರು ಇದ್ದದ್ದು ಮುಂದೆ ಕಟ್ಟಿದ, ಮಣ್ಣು ನೂಕುವ ಉಕ್ಕಿನ ಬ್ಲೇಡಿಗೆ ಮಾತ್ರ. ಅದನ್ನು ಹೊತ್ತು ಉಕ್ಕಿನ ಚೈನಿನ ಮೇಲೆ ತೆವಳುವ ಗಾಡಿ ಕ್ರಾಲರ್ ಟ್ರ್ಯಾಕ್ಟರ್. 1930ರಿಂದ 1960ರ ದಶಕದವರೆಗೆ ತಯಾರಾದ ಇಂಥ ಎಷ್ಟೋ ಗಾಡಿಗಳು ಇಂದಿಗೂ ಹೊಗೆ ಬಿಡುತ್ತ ಕೆಲಸ ಮಾಡುತ್ತಿವೆ. ಅದೇ ಕಾಲದ ಕಾರು, ಲಾರಿಗಳಿಗೆ ಇಲ್ಲದ ಈ ಆಯುಸ್ಸು ಇವಕ್ಕೆ ಬಂದದ್ದು ಬರೀ ದಪ್ಪ ಉಕ್ಕಿನಿಂದಲ್ಲ. ಯಾವ ಭಾಗ ಸವೆಯಬೇಕು, ಎಷ್ಟು ಸವೆದಾಗ ತಿರುಗಿಸಬೇಕು, ಎಷ್ಟಕ್ಕೆ ವೆಲ್ಡಿಂಗ್ ಮಾಡಬೇಕು, ಎಷ್ಟಕ್ಕೆ ಬದಲಿಸಬೇಕು ಎಂಬುದನ್ನು ಲೆಕ್ಕ ಹಾಕಿಯೇ ಕಟ್ಟಿದ ಯಂತ್ರ ಇದು. ರಸ್ತೆ, ವರ್ಕ್‌ಶಾಪು ಎರಡೂ ಇಲ್ಲದ ಜಾಗದಲ್ಲಿ ಕೆಟ್ಟು ನಿಂತರೆ ಅಲ್ಲಿಯೇ ಬಿಚ್ಚಿ ಸರಿಮಾಡಬೇಕಾಗುತ್ತದೆ ಎಂಬುದು ಇದನ್ನು ರೂಪಿಸಿದವರಿಗೆ ಗೊತ್ತಿತ್ತು.

ಇದರ ಹುಟ್ಟೇ ಕೆಸರಿನಲ್ಲಿ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಲಿನ ನದೀಮುಖಜ ಭೂಮಿಯ ಮೆತ್ತನೆಯ ಮಣ್ಣಿನಲ್ಲಿ ಭಾರಿ ಉಗಿ ಟ್ರ್ಯಾಕ್ಟರುಗಳು ಹೂತುಹೋಗುತ್ತಿದ್ದವು. ಚಕ್ರ ಎಷ್ಟು ಅಗಲ ಮಾಡಿದರೂ ಸಾಲದಾದಾಗ ಬೆಂಜಮಿನ್ ಹೋಲ್ಟ್ ಹಿಂದಿನ ಚಕ್ರಗಳನ್ನೇ ತೆಗೆದುಹಾಕಿ, ಮರದ ಪಟ್ಟಿಗಳನ್ನು ಚೈನಿಗೆ ಜೋಡಿಸಿದ ಟ್ರ್ಯಾಕ್ ಕೂರಿಸಿದ. 1904ರ ನವೆಂಬರ್ 24ರಂದು ಅದನ್ನು ಓಡಿಸಿ ನೋಡಿದ. ಕಂಬಳಿಹುಳದ ನಡಿಗೆಯನ್ನು ನೆನಪಿಸುವ 'ಕ್ಯಾಟರ್‌ಪಿಲ್ಲರ್' ಎಂಬ ಹೆಸರು ಅಂಟಿಕೊಂಡಿತು. 1925ರಲ್ಲಿ ಹೋಲ್ಟ್ ಕಂಪನಿಯೂ ಅದರ ಎದುರಾಳಿ ಸಿ. ಎಲ್. ಬೆಸ್ಟ್ ಕಂಪನಿಯೂ ಒಂದಾಗಿ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರ್ ಕಂಪನಿಯಾಯಿತು. ಅದರ ಮೊದಲ ಡೀಸೆಲ್ ಟ್ರ್ಯಾಕ್ಟರ್ ಹೊರಬಿದ್ದದ್ದು 1931ರಲ್ಲಿ. ಬ್ಲೇಡಿನ ಕತೆ ಬೇರೆ. ಕಾನ್ಸಾಸ್‌ನ ಮಾರೋವಿಲ್ ಎಂಬ ಸಣ್ಣ ಊರಿನಲ್ಲಿ ರೈತ ಜೇಮ್ಸ್ ಕಮಿಂಗ್ಸ್ ಮತ್ತು ಡ್ರಾಫ್ಟ್ಸ್‌ಮನ್ ಜೆ. ಅರ್ಲ್ ಮೆಕ್ಲಿಯೋಡ್ 1923ರಲ್ಲಿ ಅದನ್ನು ಕಟ್ಟಿ, 1925ರಲ್ಲಿ ಪೇಟೆಂಟ್ ಪಡೆದರು. ಆ ಊರಿನ ಪಾರ್ಕಿನಲ್ಲಿ ಅದರ ಪ್ರತಿಕೃತಿ ಇಂದಿಗೂ ಇದೆ.

ಎರಡನೆಯ ಮಹಾಯುದ್ಧ ಈ ಯಂತ್ರವನ್ನು ಭೂಮಿಯ ಮೂಲೆಮೂಲೆಗೆ ಒಯ್ದಿತು. 1942ರ ಅಲಾಸ್ಕಾ ಹೆದ್ದಾರಿ, ಅಸ್ಸಾಮಿನ ಲೇಡೋದಿಂದ ಬರ್ಮಾದ ಕಾಡು ಸೀಳಿ ಹೋದ ರಸ್ತೆ, ಪೆಸಿಫಿಕ್ ದ್ವೀಪಗಳ ವಿಮಾನನೆಲೆಗಳು ಎಲ್ಲವೂ ಡೋಜರ್ ತೆಗೆದ ದಾರಿಗಳು. ಯುದ್ಧ ಮುಗಿದ ಮೇಲೆ ಅಮೆರಿಕನ್ ಸೇನೆ ಭಾರತದಲ್ಲಿ ಬಿಟ್ಟುಹೋದ ಟ್ರ್ಯಾಕ್ಟರುಗಳನ್ನು ಕೂಡಿಹಾಕಿ ಕೇಂದ್ರ ಸರ್ಕಾರ ಸೆಂಟ್ರಲ್ ಟ್ರ್ಯಾಕ್ಟರ್ ಆರ್ಗನೈಸೇಷನ್ ಕಟ್ಟಿತು. ಮಧ್ಯಭಾರತದ ಕಪ್ಪು ನೆಲದಲ್ಲಿ ಆಳಕ್ಕೆ ಬೇರುಬಿಟ್ಟು ಬೇಸಾಯವನ್ನೇ ನಿಲ್ಲಿಸಿದ್ದ ಕಾನ್ಸ್ ಹುಲ್ಲನ್ನು ಕಿತ್ತು ಹಾಕುವುದು ಅದರ ಕೆಲಸ. ಯುದ್ಧದಲ್ಲಿ ದುಡಿದು ಬಂದ ಯಂತ್ರಗಳಾದ್ದರಿಂದ ಉಳುಮೆಯಷ್ಟೇ ದೊಡ್ಡ ಕೆಲಸ ರಿಪೇರಿಯದಾಗಿತ್ತು. 1949ರಲ್ಲಿ ವಿಶ್ವಬ್ಯಾಂಕ್ ಭಾರತಕ್ಕೆ ಕೊಟ್ಟ ಎರಡನೆಯ ಸಾಲ, 1 ಕೋಟಿ ಡಾಲರ್, ಇದೇ ಕೆಲಸದ ಕೃಷಿ ಯಂತ್ರಗಳಿಗಾಗಿಯೇ ಬಂದದ್ದು.

ಕನ್ನಡ ನಾಡಿನೊಂದಿಗೆ ಈ ಕಸುಬು ನೆಂಟಸ್ತಿಕೆ ಬೆಳೆಸಿದ್ದು ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಮೂಲಕ. 1964ರ ಮೇ ತಿಂಗಳಲ್ಲಿ ಸ್ಥಾಪನೆಯಾದ ಭಾರತ್ ಅರ್ತ್ ಮೂವರ್ಸ್, ಅಂದರೆ ಬಿಇಎಂಎಲ್, ಜಪಾನಿನ ಕೊಮಾತ್ಸು ಕಂಪನಿಯ ತಾಂತ್ರಿಕ ಸಹಯೋಗದಿಂದ ಕೋಲಾರ ಚಿನ್ನದ ಗಣಿಯ ಪಕ್ಕದಲ್ಲೇ ಡೋಜರುಗಳನ್ನು ಕಟ್ಟತೊಡಗಿತು. ಡಿ 50, ಡಿ 80, ಡಿ 155 ಎಂಬ ಹೆಸರುಗಳು ಅಣೆಕಟ್ಟು, ಕಲ್ಲಿದ್ದಲು ಗಣಿ, ಹಿಮಾಲಯದ ಗಡಿರಸ್ತೆಗಳಲ್ಲಿ ದುಡಿದ ಆಪರೇಟರುಗಳ ಮಾತಿನಲ್ಲಿ ಬೆರೆತುಹೋಗಿವೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಡೋಜರ್ ಕಾರ್ಖಾನೆ ಉಳಿಯಿತು.

ಹಳೆಯ ಯಂತ್ರವನ್ನು ಕೈಗೆತ್ತಿಕೊಂಡವರು ಮೊದಲು ಮಾಡಬೇಕಾದ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ, ನಂಬರ್ ಓದುವುದು. ಕ್ಯಾಟರ್‌ಪಿಲ್ಲರಿನ ಒಂದೇ ಡಿ 2 ಮಾದರಿಯಲ್ಲಿ ಸೀರಿಯಲ್ ನಂಬರ್ 4ಯು ಎಂದು ಶುರುವಾದರೆ ಎರಡು ಟ್ರ್ಯಾಕ್‌ಗಳ ನಡುವಿನ ಅಂತರ 40 ಇಂಚು, 5ಯು ಎಂದಿದ್ದರೆ 50 ಇಂಚು. ಎರಡೂ 1947ರಿಂದ 1957ರವರೆಗೆ ಬಂದವು. ಡಿ 4ರಲ್ಲಿ 6ಯು, 7ಯು. ಡಿ 6ರಲ್ಲಿ 8ಯು, 9ಯು. ಈ ಎರಡಕ್ಷರ ತಪ್ಪಿದರೆ ತರಿಸಿದ ಬಿಡಿಭಾಗ ಕೂರುವುದಿಲ್ಲ. ಕಸುಬಿನವರು 'ನನ್ನದು ಡಿ 4' ಎಂದು ಹೇಳುವುದೇ ಇಲ್ಲ, 'ನನ್ನದು 7ಯು' ಎನ್ನುತ್ತಾರೆ. ನಂಬರ್ ಪ್ಲೇಟು ಕಳೆದುಹೋಗಿದ್ದರೆ ಎರಕದ ಮೇಲೆ ಕೊರೆದ ಅಂಕಿಯನ್ನು ಹುಡುಕಬೇಕು. ದಶಕಗಳ ಗ್ರೀಸು, ಬಣ್ಣದ ಪದರ ಕೆರೆದ ಮೇಲೆ ಅದು ಕಾಣಿಸುತ್ತದೆ.

ಹತ್ತಾರು ಮಳೆಗಾಲ ಬಯಲಲ್ಲಿ ನಿಂತ ಯಂತ್ರದ ಎಂಜಿನ್ ಬಹಳ ಸಲ ತಿರುಗದಂತೆ ಹಿಡಿದುಕೊಂಡಿರುತ್ತದೆ. ಇದಕ್ಕೆ ಕಾರಣ ನೆಟ್ಟಗೆ ನಿಂತ ಹೊಗೆಕೊಳವೆ. ಬಿದ್ದ ಮಳೆನೀರು ಕೊಳವೆಯಿಂದ ಇಳಿದು, ತೆರೆದು ನಿಂತ ಎಕ್ಸಾಸ್ಟ್ ವಾಲ್ವ್ ಇರುವ ಸಿಲಿಂಡರಿಗೆ ಸೇರಿ, ಪಿಸ್ಟನ್ ರಿಂಗನ್ನೂ ಲೈನರನ್ನೂ ತುಕ್ಕಿನಿಂದ ಬೆಸೆದುಬಿಡುತ್ತದೆ. ಕೊಳವೆಯ ಮೇಲೆ ಒಂದು ಖಾಲಿ ಡಬ್ಬ ಬೋರಲು ಹಾಕಿದ್ದರೆ ತಪ್ಪುತ್ತಿದ್ದ ನಷ್ಟ. ಇಂಥ ಎಂಜಿನ್ನನ್ನು ಮೊದಲ ದಿನವೇ ಬಲವಂತವಾಗಿ ತಿರುಗಿಸಿದರೆ ವಾಲ್ವ್, ಪುಶ್‌ರಾಡ್ ಬಾಗುತ್ತವೆ. ಮೊದಲು ಸಂಪಿನ ಡ್ರೈನ್ ಪ್ಲಗ್ಗನ್ನು ನಿಧಾನಕ್ಕೆ ಸಡಿಲಿಸಿ ನೋಡಬೇಕು. ನೀರು ಆಯಿಲಿಗಿಂತ ಭಾರ, ಇದ್ದರೆ ಅದೇ ಮೊದಲು ಬರುತ್ತದೆ. ಆಮೇಲೆ ವಾಲ್ವ್ ಕವರ್ ತೆಗೆದು ಪ್ರತಿ ವಾಲ್ವ್ ಮೇಲೆ ಕೆಳಗೆ ಆಡುತ್ತದೆಯೇ ಎಂದು ತಟ್ಟಿ ನೋಡಬೇಕು. ಸಿಲಿಂಡರುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸುರಿದು ಕಾಯಬೇಕು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ (ಎಟಿಎಫ್) ಮತ್ತು ಅಸಿಟೋನ್ ಬೆರೆಸಿದ ಮನೆಮದ್ದು ಹವ್ಯಾಸಿಗಳ ಮೆಚ್ಚಿನದು. ಒಂದು ದಿನಕ್ಕೆ ಬಿಡದ್ದು ಒಂದು ತಿಂಗಳಿಗೆ ಬಿಡಬಹುದು. ಬಿಡದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಗಟ್ಟಿ ಮರದ ತುಂಡಿಟ್ಟು ಹೊಡೆಯುವುದು. ಅದೂ ಆಗದಿದ್ದರೆ ಲೈನರ್ ಸಮೇತ ಎಳೆಯುವುದು. ಬದಲಿಸಬಲ್ಲ ಲೈನರ್ ಇದೆಯೆಂಬುದೇ ಈ ಎಂಜಿನ್ನುಗಳ ದೊಡ್ಡ ಪುಣ್ಯ: ಬ್ಲಾಕಿಗೆ ಬೋರ್ ಹೊಡೆಸುವ ಗೋಜಿಲ್ಲ.

ಹಳೆಯ ಕ್ಯಾಟರ್‌ಪಿಲ್ಲರ್ ಡೀಸೆಲ್ಲುಗಳನ್ನು ಕಂಡವರೆಲ್ಲ ಮೊದಲು ನೆನೆಯುವುದು ಪೋನಿ ಮೋಟಾರನ್ನು. 1940ರ ದಶಕದ ಡಿ 8ರಲ್ಲಿದ್ದ ಎಂಜಿನ್ ಆರು ಸಿಲಿಂಡರಿನದು. ಒಂದೊಂದು ಪಿಸ್ಟನ್ ಸುಮಾರು ಆರಂಗುಲ ಅಗಲ, ಅದರ ಓಟ ಎಂಟು ಇಂಚು, ಒಟ್ಟು ಗಾತ್ರ 20 ಲೀಟರಿಗೂ ಹೆಚ್ಚು. ಆ ಕಾಲದ ಬ್ಯಾಟರಿ, ಸ್ವಯಂ ಸ್ಟಾರ್ಟರುಗಳಿಗೆ, ಅದರಲ್ಲೂ ಚಳಿಯಲ್ಲಿ, ಅದನ್ನು ತಿರುಗಿಸುವುದು ಆಗದ ಮಾತು. ಹಾಗಾಗಿ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಒಂದನ್ನು ಪಕ್ಕಕ್ಕೆ ಕಟ್ಟಿದರು; ಅದೇ ಪೋನಿ.

ಸ್ಟಾರ್ಟ್ ಮಾಡುವುದೇ ಒಂದು ಕ್ರಮಬದ್ಧ ಕಾರ್ಯ. ಪೆಟ್ರೋಲ್ ಕಾಕ್ ತೆರೆದು, ಚೋಕ್ ಎಳೆದು, ಪೋನಿಯನ್ನು ಹ್ಯಾಂಡಲ್ ಹಾಕಿ ತಿರುಗಿಸಬೇಕು. ಅದು ಪಟಪಟ ಎಂದು ಹಿಡಿದುಕೊಂಡ ಮೇಲೆ ಪಿನಿಯನ್ ಲಿವರ್ ಸೇರಿಸಿ, ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಬಿಡುಗಡೆ ಮಾಡಿ, ಕ್ಲಚ್ ಹಾಕಿದರೆ ದೊಡ್ಡ ಎಂಜಿನ್ ಉಸಿರುಬಿಡುತ್ತ ತಿರುಗತೊಡಗುತ್ತದೆ. ಆಯಿಲ್ ಗೇಜಿನ ಮುಳ್ಳು ಏಳುತ್ತದೆ. ಎರಡೂ ಎಂಜಿನ್ನುಗಳಿಗೆ ಹರಿಯುವುದು ಒಂದೇ ರೇಡಿಯೇಟರಿನ ನೀರು. ಪೋನಿಯ ಹೊಗೆಯ ಬಿಸಿ ಡೀಸೆಲ್ಲಿನ ಗಾಳಿ ಎಳೆಯುವ ದಾರಿಯನ್ನೂ ಕಾಯಿಸುತ್ತದೆ. ಕೆಲವು ನಿಮಿಷ ಹೀಗೆ ಕಾದ ಮೇಲೆ ಕಂಪ್ರೆಷನ್ ಹಾಕಿ ಡೀಸೆಲ್ ಬಿಟ್ಟರೆ ದೊಡ್ಡ ಎಂಜಿನ್ ಒಂದೊಂದೇ ಸಿಲಿಂಡರ್ ಹಿಡಿದು ಎದ್ದುಬಿಡುತ್ತದೆ. ಉರಿಯುವ ಮುಂಚೆಯೇ ಬೇರಿಂಗುಗಳಿಗೆ ಆಯಿಲ್ ತಲುಪಿರುತ್ತದೆ, ಲೋಹ ಬೆಚ್ಚಗಾಗಿರುತ್ತದೆ. ಈ ಎಂಜಿನ್ನುಗಳು ಇಷ್ಟು ಕಾಲ ಬಾಳಿದ್ದರಲ್ಲಿ ಈ ಕಾಯುವಿಕೆಯ ಪಾಲು ದೊಡ್ಡದು. ತಾಳ್ಮೆಯಿಲ್ಲದವರು ಪೋನಿ ಕಿತ್ತುಹಾಕಿ ವಿದ್ಯುತ್ ಸ್ಟಾರ್ಟರ್ ಕೂರಿಸಿದ್ದುಂಟು. ಅದರಿಂದ ಸಮಯ ಉಳಿದೀತು, ಎಂಜಿನ್ನಿಗೆ ಒಳ್ಳೆಯದಾಗಲಿಲ್ಲ.

ಪೋನಿಗೆ ತನ್ನದೇ ಕಾಯಿಲೆಗಳಿವೆ. ಕಾರ್ಬ್ಯುರೇಟರಿನ ಫ್ಲೋಟ್ ಸೋರಿದರೆ ಪೆಟ್ರೋಲ್ ಹನಿಹನಿಯಾಗಿ ಅದರ ಆಯಿಲಿಗೆ ಬೆರೆತು ಆಯಿಲ್ ನೀರಾಗುತ್ತದೆ, ಬೇರಿಂಗ್ ಕೂಗುತ್ತದೆ. ಅದಕ್ಕೇ ಪೋನಿಯನ್ನು ಯಾವಾಗಲೂ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಒಣಗುವವರೆಗೆ ಓಡಿಸಿಯೇ ನಿಲ್ಲಿಸಬೇಕು. ಮ್ಯಾಗ್ನೆಟೊ ತೇವ ಹಿಡಿದರೆ ಕಿಡಿ ಸತ್ತುಹೋಗುತ್ತದೆ.

ಬೇರೆ ಕಂಪನಿಗಳು ಬೇರೆ ದಾರಿ ಹಿಡಿದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ ಟಿಡಿ ಸರಣಿಯ ಎಂಜಿನ್ ಮೊದಲು ಪೆಟ್ರೋಲಿನಲ್ಲಿ ಹೊತ್ತಿಕೊಂಡು ಆಮೇಲೆ ಡೀಸೆಲ್ಲಿಗೆ ಹೊರಳುತ್ತದೆ. ಒಂದೇ ಹೆಡ್ಡಿನಲ್ಲಿ ಎರಡು ಏರ್ಪಾಡು ತುಂಬಿದ್ದರಿಂದ ಅದರ ಹೆಡ್ ಬಿರುಕು ಬಿಡುವುದು ಹೆಸರಾದ ತೊಂದರೆ; ಕೊಳ್ಳುವ ಮುಂಚೆ ಅನುಭವಿಗಳು ಮೊದಲು ನೋಡುವುದು ಅದನ್ನೇ. ಅಲಿಸ್-ಚಾಮರ್ಸಿನ ಹಲವು ಗಾಡಿಗಳಲ್ಲಿ ಎರಡು ಸ್ಟ್ರೋಕಿನ ಡೆಟ್ರಾಯಿಟ್ ಡೀಸೆಲ್ ಇತ್ತು. ಅದರ ಕೂಗು ಮೈಲಿ ದೂರಕ್ಕೆ ಕೇಳುತ್ತದೆ. ಆಯಿಲ್ ಸೋರಿಕೆ ಅದಕ್ಕೆ ಸಹಜ ಗುಣ ಎನ್ನುವಷ್ಟು ಸಾಮಾನ್ಯ.

ಡೀಸೆಲ್ ವ್ಯವಸ್ಥೆಯಲ್ಲಿ ಶತ್ರುಗಳು ಎರಡು, ನೀರು ಮತ್ತು ಕಸ. ಇಂಜೆಕ್ಷನ್ ಪಂಪಿನ ಪ್ಲಂಜರ್ ಮತ್ತು ಅದರ ಬ್ಯಾರೆಲ್ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಕಣ್ಣಿಗೆ ಕಾಣದ ತುಕ್ಕಿನ ಪುಡಿ ಸಾಕು ಅದನ್ನು ಹಿಡಿಸಲು. ಹಳೆಯ ಕ್ಯಾಟರ್‌ಪಿಲ್ಲರುಗಳಲ್ಲಿ ಪ್ರತಿ ಸಿಲಿಂಡರಿಗೂ ಬಿಡಿ ಬಿಡಿ ಪಂಪು ಇರುವುದರಿಂದ ಹಿಡಿದುಕೊಂಡದ್ದನ್ನು ಮಾತ್ರ ತೆಗೆದು ಬದಲಿಸಬಹುದು. ಟ್ಯಾಂಕ್ ತೊಳೆಯದೆ ಫಿಲ್ಟರ್ ಮಾತ್ರ ಬದಲಿಸುವುದು ದುಡ್ಡು ಚೆಲ್ಲಿದ ಹಾಗೆ. ಎಲ್ಲ ಸೇರಿಸಿದ ಮೇಲೆ ಲೈನಿನ ಏರ್ ತೆಗೆಯಬೇಕು. ಗುಳ್ಳೆ ಬರುವುದು ನಿಂತು ಬರೀ ಡೀಸೆಲ್ ಜಿನುಗುವವರೆಗೆ ಎಂಜಿನ್ ಹಿಡಿಯುವುದಿಲ್ಲ.

ಎಂಜಿನ್ನಿನ ಸದ್ದಿಗೆ ಮನಸೋತು ಗಾಡಿ ಕೊಂಡವರು ಆಮೇಲೆ ಅಳುವುದು ಕೆಳಗಿನ ಚೈನು ನೋಡಿ. ಕ್ರಾಲರ್ ಯಂತ್ರದ ರಿಪೇರಿ ಖರ್ಚಿನಲ್ಲಿ ಸುಮಾರು ಅರ್ಧ ನುಂಗುವುದು ಅಂಡರ್‌ಕ್ಯಾರೇಜ್: ಟ್ರ್ಯಾಕ್ ಚೈನ್, ಅದರ ಪಿನ್ನು ಬುಶ್ಶುಗಳು, ಮೇಲೆ ಕೆಳಗಿನ ರೋಲರುಗಳು, ಮುಂದಿನ ಐಡ್ಲರ್, ಹಿಂದಿನ ಸ್ಪ್ರಾಕೆಟ್. ಮರಳು ಬೆರೆತ ನೀರು ಇವಕ್ಕೆ ಉಪ್ಪುಕಾಗದ ಇದ್ದಂತೆ.

ಸವೆತದ ಬಗೆ ಇಲ್ಲಿ ಬಹಳ ಸೊಗಸಾದದ್ದು. ಚೈನು ಎಳೆಯುವಾಗ ಪಿನ್ನು ಬುಶ್ಶಿನೊಳಗೆ ಒಂದೇ ಬದಿಗೆ ಒತ್ತಿ ಸವೆಯುತ್ತದೆ. ಬುಶ್ಶಿನ ಹೊರಮೈ ಸ್ಪ್ರಾಕೆಟ್ ಹಲ್ಲು ತಾಗುವ ಒಂದೇ ಬದಿಗೆ ಸವೆಯುತ್ತದೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲ ಬಂದರೂ ನಲವತ್ತು ಕೊಂಡಿಗಳಲ್ಲಿ ಅದು ಕೂಡಿ ಚೈನು ಉದ್ದವಾಗುತ್ತದೆ. ಹಲ್ಲಿನ ಅಂತರಕ್ಕೂ ಬುಶ್ಶಿನ ಅಂತರಕ್ಕೂ ಹೊಂದಿಕೆ ತಪ್ಪಿ ಹಲ್ಲು ಚೂಪಾಗುತ್ತ, ಕೊಕ್ಕೆಯಾಗುತ್ತ ಹೋಗುತ್ತದೆ. ಆದರೆ ಪಿನ್ನು ಬುಶ್ಶುಗಳ ಇನ್ನೊಂದು ಬದಿ ಹೊಸದಾಗಿಯೇ ಇದೆಯಲ್ಲ! ಅವನ್ನು ಪ್ರೆಸ್ಸಿನಲ್ಲಿ ಹೊರತೆಗೆದು, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ಚೈನು ತನ್ನ ಮೊದಲಿನ ಉದ್ದಕ್ಕೆ ಬರುತ್ತದೆ. ಸ್ಪ್ರಾಕೆಟ್ಟಿನಲ್ಲೂ ಇದೇ ಜಾಣತನ. ಬಹಳ ಹಳೆಯ ಗಾಡಿಗಳಲ್ಲಿ ಹಲ್ಲುಗಳ ಎಣಿಕೆ ಬೆಸ, ಬುಶ್ಶು ಕೂರುವುದು ಒಂದು ಬಿಟ್ಟು ಒಂದು ಹಲ್ಲಿಗೆ. ಹಾಗಾಗಿ ಪ್ರತಿ ಹಲ್ಲಿಗೂ ಒಂದು ಸುತ್ತು ಕೆಲಸ, ಒಂದು ಸುತ್ತು ಬಿಡುವು.

ಬುಶ್ಶು ತಿರುಗಿಸುವ ಕಾಲ ಬಂತೇ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಸ್ಪ್ರಾಕೆಟ್ ಹಲ್ಲಿಗೆ ಒಂದು ಹಳೆಯ ಪಿನ್ನು ಸಿಕ್ಕಿಸಿ, ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟು ಚೈನು ಬಿಗಿಯುವಂತೆ ಮಾಡಿ, ಚೈನಿನ ಎರಡು ತುದಿ ಕೂಡಿಸುವ ಮಾಸ್ಟರ್ ಪಿನ್ನಿನ ಕೀಲು ಸೇರದ ಹಾಗೆ ನಾಲ್ಕು ಕೊಂಡಿಗಳ ಉದ್ದವನ್ನು ಟೇಪಿನಲ್ಲಿ ಅಳೆದರೆ ಸಾಕು. ಕೈಪಿಡಿಯಲ್ಲಿ ಹೊಸ ಚೈನಿನ ಅಳತೆಯೂ ಮಿತಿಯೂ ಇರುತ್ತವೆ. ಮಿತಿ ದಾಟುವ ಮುಂಚೆ ತಿರುಗಿಸಬೇಕು. ಬುಶ್ಶು ತೂತಾಗಿ ಸೀಳಿದ ಮೇಲೆ ತಿರುಗಿಸಲು ಏನೂ ಉಳಿದಿರುವುದಿಲ್ಲ.

ಚೈನು ಬಿಚ್ಚಲು ಮಾಸ್ಟರ್ ಪಿನ್ ಹುಡುಕಬೇಕು. ಅದರ ತುದಿಯಲ್ಲಿ ಚಿಕ್ಕ ಕುಳಿಯೋ ಬೇರೆ ಆಕಾರವೋ ಇದ್ದು ಉಳಿದವುಗಳಿಂದ ಬೇರೆಯಾಗಿ ಕಾಣುತ್ತದೆ. ಅದನ್ನು ಐಡ್ಲರಿನ ಮುಂದೆ ತಂದು ನಿಲ್ಲಿಸಿ, ಚೈನು ಸಡಿಲಿಸಿ, ಹಿಂದೆ ಭಾರವಾದ ಉಕ್ಕಿನ ದಿಂಬು ಕೊಟ್ಟು, ಪಿನ್ನನ್ನು ಹೊರನೂಕುವ ಉದ್ದನೆಯ ಹಿಡಿಯ ಡ್ರಿಫ್ಟನ್ನು ಒಬ್ಬರು ಹಿಡಿದು ಇನ್ನೊಬ್ಬರು ಚಮ್ಮಟಿಗೆಯಿಂದ ಹೊಡೆಯುತ್ತಾರೆ. ಜಗ್ಗದಿದ್ದರೆ ಕೊಂಡಿಯ ಕಣ್ಣನ್ನು ಗ್ಯಾಸಿನಿಂದ ಕಾಯಿಸಿ ಹಿಗ್ಗಿಸುತ್ತಾರೆ. ಗಡಸು ಉಕ್ಕಿಗೆ ಗಡಸು ಉಕ್ಕು ಬಡಿದಾಗ ಸಿಡಿಯುವ ಚೂರು ಗುಂಡಿನಂತೆ ಹಾರುತ್ತದೆ. ಕನ್ನಡಕವಿಲ್ಲದೆ ಹತ್ತಿರ ಸುಳಿಯಬಾರದು. ಪಿನ್ನು ಬಿಟ್ಟ ಕ್ಷಣ ಟನ್ನಿನ ಲೆಕ್ಕದಲ್ಲಿ ತೂಗುವ ಚೈನು ಧುಮುಕುತ್ತದೆ, ಅದರ ಕೆಳಗೆ ಕಾಲಿರಬಾರದು. ಇದಕ್ಕಿಂತ ದೊಡ್ಡ ಅಪಾಯ ಐಡ್ಲರಿಗೆ ಬೀಳುವ ಹೊಡೆತ ತಾಳಲು ಟ್ರ್ಯಾಕ್ ಫ್ರೇಮಿನೊಳಗೆ ಇರುವ ರೀಕಾಯಿಲ್ ಸ್ಪ್ರಿಂಗಿನದು. ಟನ್ನುಗಟ್ಟಲೆ ಒತ್ತಡದಲ್ಲಿ ಕೂತ ಆ ಸ್ಪ್ರಿಂಗನ್ನು ಸರಿಯಾದ ಕಟ್ಟಿಲ್ಲದೆ ಬಿಚ್ಚಿದವರು ಪ್ರಾಣ ಕಳೆದುಕೊಂಡಿದ್ದಾರೆ. ಗ್ರೀಸಿನಿಂದ ಬಿಗಿಯುವ ನಂತರದ ಗಾಡಿಗಳಲ್ಲಿ ಕೂಡ ಗ್ರೀಸ್ ಬಿಡುವ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮುಖವನ್ನು ಪಕ್ಕಕ್ಕಿಟ್ಟುಕೊಂಡೇ ಕೆಲಸ ಮಾಡಬೇಕು.

ಚೈನು ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂಬುದು ಹೊಸಬರ ದೊಡ್ಡ ತಪ್ಪು ತಿಳಿವಳಿಕೆ. ಮೇಲಿನ ರೋಲರಿಗೂ ಐಡ್ಲರಿಗೂ ನಡುವೆ ಗಾಡಿಯ ಗಾತ್ರಕ್ಕೆ ತಕ್ಕಂತೆ ಒಂದೆರಡು ಇಂಚು ಜೋತಿರಬೇಕು. ಅತಿ ಬಿಗಿಯಾದ ಚೈನು ಮಣ್ಣು ನೂಕುವ ಶಕ್ತಿಯನ್ನು ತನ್ನನ್ನೇ ತಿನ್ನಲು ಬಳಸುತ್ತದೆ. ಕೆಸರು ತುಂಬಿಕೊಂಡಾಗ ಚೈನು ತಾನಾಗಿ ಬಿಗಿಯಾಗುವುದರಿಂದ ಕೆಲಸ ಮಾಡುವ ಜಾಗದಲ್ಲೇ, ಕೆಸರಿರುವಾಗಲೇ ಅಳತೆ ನೋಡಬೇಕು. ಹಿಂದಕ್ಕೆ ವೇಗವಾಗಿ ಓಡಿಸುವುದು ಬುಶ್ಶಿಗೆ ಮುಂದಿನ ಓಟಕ್ಕಿಂತ ಹೆಚ್ಚಿನ ಹೊಡೆತ. 1970ರ ದಶಕದಲ್ಲಿ ಕೀಲಿನೊಳಗೇ ಆಯಿಲ್ ತುಂಬಿ ಸೀಲು ಹಾಕಿದ ಚೈನುಗಳು ಬಂದ ಮೇಲೆ ಒಳಸವೆತ ಬಹುಪಾಲು ನಿಂತಿತು. ಹಳೆಯ ಗಾಡಿಗಳು ಮಾತ್ರ ಒಣ ಕೀಲಿನಲ್ಲೇ ಕೀಚ್ ಕೀಚ್ ಎನ್ನುತ್ತವೆ.

ರೋಲರ್, ಐಡ್ಲರ್, ಸ್ಪ್ರಾಕೆಟ್ಟುಗಳ ಸವೆದ ಮೈಗೆ ವೆಲ್ಡಿಂಗ್‌ನಿಂದ ಲೋಹ ತುಂಬಿ ಮತ್ತೆ ಅಳತೆಗೆ ತರುವುದು ಹಳೆಯ ಪದ್ಧತಿ. ನೆಲ ಕಚ್ಚುವ ಗ್ರೌಸರ್ ಪಟ್ಟಿ ಸವೆದು ಬೋಳಾದರೆ ಹೊಸ ಪಟ್ಟಿ ಬೆಸೆಯುತ್ತಾರೆ. ಬಿಸಿ ಮಾಡದೆ, ತಪ್ಪು ರಾಡಿನಲ್ಲಿ ಬೆಸೆದ ಗಡಸು ಉಕ್ಕು ಮೊದಲ ಬಂಡೆಗೇ ಬಿರಿಯುತ್ತದೆ.

ಸ್ಟೀರಿಂಗ್ ವೀಲ್ ಇಲ್ಲದ ಈ ಗಾಡಿ ತಿರುಗುವುದು ಎರಡು ಕ್ಲಚ್ಚುಗಳಿಂದ. ಎಡ ಲಿವರ್ ಎಳೆದರೆ ಎಡ ಟ್ರ್ಯಾಕಿಗೆ ಶಕ್ತಿ ನಿಲ್ಲುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಇಳಿಜಾರಿನಲ್ಲಿ ಇದು ತಿರುಗುಮುರುಗು: ಭಾರವೇ ಗಾಡಿಯನ್ನು ನೂಕುತ್ತಿರುವಾಗ ಬಿಟ್ಟ ಬದಿಯ ಟ್ರ್ಯಾಕ್ ವೇಗವಾಗಿ ಉರುಳಿ ಗಾಡಿ ಎದುರು ದಿಕ್ಕಿಗೆ ತಿರುಗುತ್ತದೆ. ಹಳೆಯ ಗಾಡಿಯನ್ನು ಹೊಸದಾಗಿ ಓಡಿಸುವವರಿಗೆ ಇದನ್ನು ಸಪಾಟು ನೆಲದಲ್ಲೇ ಹೇಳಿಕೊಡಬೇಕು. ನಿಂತು ನಿಂತು ಒಣ ಕ್ಲಚ್ಚಿನ ಪ್ಲೇಟುಗಳು ತುಕ್ಕಿನಿಂದ ಅಂಟಿಕೊಂಡರೆ ಎಂಜಿನ್ ಬಿಸಿಯಾದ ಮೇಲೆ ಲಿವರ್ ಎಳೆದು, ಬ್ರೇಕ್ ತುಳಿದು, ಕೆಳಗಿನ ಗೇರಿನಲ್ಲಿ ಹಿಂದೆ ಮುಂದೆ ಜಗ್ಗಿಸಿ ಬಿಡಿಸಿದವರಿದ್ದಾರೆ. ಹಾಗೂ ಬಿಡದಿದ್ದರೆ ಟ್ಯಾಂಕ್, ಸೀಟು ಎಲ್ಲ ಎತ್ತಿ ಒಳಗೆ ಇಳಿಯಬೇಕು. ಸೀಲು ಸೋರಿ ಆಯಿಲ್ ನುಗ್ಗಿದ ಕ್ಲಚ್ಚು ಜಾರುತ್ತದೆ. ಸೀಮೆಎಣ್ಣೆ ಹಾಕಿ ತೊಳೆಯುವ ಪದ್ಧತಿ ಇತ್ತು, ಬೆಂಕಿಯ ಭಯವೂ ಜೊತೆಗಿತ್ತು. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುವುದರಿಂದ ಅದರ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಮಾಡಿ ಒರೆಸಬೇಕು.

ಟ್ರ್ಯಾಕಿಗೆ ಶಕ್ತಿ ಮುಟ್ಟಿಸುವ ಕೊನೆಯ ಗೇರುಗಳಾದ ಫೈನಲ್ ಡ್ರೈವಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಕೈಬೆರಳಲ್ಲಿ ಉಜ್ಜಿದಾಗ ಹೊಳೆಯುವ ಪುಡಿ ಸಿಕ್ಕರೆ ಗೇರಿನ ಹಲ್ಲು ಕರಗುತ್ತಿದೆ. ಇನ್ನು ಬ್ಲೇಡ್ ಎತ್ತಲು ಹೈಡ್ರಾಲಿಕ್ ಬರುವ ಮೊದಲು ಉಕ್ಕಿನ ಹಗ್ಗವಿತ್ತು, ಆರ್. ಜಿ. ಲಟೂರ್ನೋ 1928ರಲ್ಲಿ ರೂಪಿಸಿದ ಹಗ್ಗದ ಡ್ರಮ್ಮು ಆ ಕಾಲದ ಗುರುತು. ಎಳೆ ಕಿತ್ತ ಹಗ್ಗ ಕೈ ಸೀಳುತ್ತದೆ, ತುಂಡಾದರೆ ಚಾಟಿಯಂತೆ ಬೀಸುತ್ತದೆ. ಯಾವ ಬಗೆಯದಾದರೂ ಎತ್ತಿದ ಬ್ಲೇಡಿನ ಕೆಳಗೆ ಮರದ ದಿಮ್ಮಿ ಕೊಡದೆ ತಲೆ ಹಾಕಬಾರದು. ಈ ಗಾಡಿಗಳಿಗೆ ಉರುಳಿದರೆ ಕಾಯುವ ಉಕ್ಕಿನ ಚೌಕಟ್ಟೂ ಇಲ್ಲ. ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು 1970ರ ದಶಕದಲ್ಲಿ.

ಕೆಲಸಕ್ಕಲ್ಲದೆ ಬರೀ ಪ್ರೀತಿಗೆ ಇವನ್ನು ಎಬ್ಬಿಸುವವರೂ ಬಹಳ. ಅಮೆರಿಕದಲ್ಲಿ ಹಳೆಯ ಕ್ಯಾಟರ್‌ಪಿಲ್ಲರ್ ಮಾಲೀಕರದೇ ಸಂಘವಿದೆ. ಓಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ ಹಳೆಯ ನಿರ್ಮಾಣ ಯಂತ್ರಗಳ ವಸ್ತುಸಂಗ್ರಹಾಲಯವಿದೆ. ಇಲ್ಲಿ ಬಣ್ಣವೂ ಚರ್ಚೆಯ ವಿಷಯ. 1931ರ ಕೊನೆಯವರೆಗೆ ಕ್ಯಾಟರ್‌ಪಿಲ್ಲರ್ ಬೂದುಬಣ್ಣದ್ದು. ಆಮೇಲೆ ಹೈವೇ ಯೆಲ್ಲೋ ಎಂಬ ಹಳದಿ. ಈಗಿನ ಹಳದಿ 1979ರದ್ದು. 1947ರ ಗಾಡಿಗೆ ಈಗಿನ ಹಳದಿ ಬಳಿದರೆ ಬಲ್ಲವರ ಕಣ್ಣಿಗೆ ಅದು ಬೇರೆಯವರ ಅಂಗಿ ತೊಟ್ಟಂತೆ ಕಾಣುತ್ತದೆ. ಸವೆದ ಮೂಲ ಬಣ್ಣವನ್ನು ಹಾಗೆಯೇ ಉಳಿಸಿ ಒಳಗಿನ ಕೆಲಸವನ್ನು ಮಾತ್ರ ಚೊಕ್ಕ ಮಾಡುವುದೇ ಮೇಲು ಎನ್ನುವವರ ಮಾತಿನಲ್ಲಿ ತೂಕವಿದೆ. ಬಣ್ಣ ಹೊಡೆಯುವುದು ಒಂದು ವಾರದ ಕೆಲಸ. ಬುಶ್ಶು ತಿರುಗಿಸಿ, ಸೀಲು ಬದಲಿಸಿ, ಪಂಪು ಸರಿಮಾಡಿದ ಗಾಡಿ ಮತ್ತೊಂದು ತಲೆಮಾರು ನಡೆಯುತ್ತದೆ.

ದಿನದ ಆರೈಕೆ ಸಂಜೆ ಹೊತ್ತಿನದು. ಎಂಜಿನ್ ಆರಿಸುವ ಮುಂಚೆ ಕೆಲವು ನಿಮಿಷ ಖಾಲಿ ಓಡಿಸಿ ತಣಿಸಬೇಕು. ಹಾರೆ ಸಲಿಕೆ ಹಿಡಿದು ರೋಲರುಗಳ ನಡುವಿನ ಕೆಸರನ್ನು ಒಣಗುವ ಮೊದಲೇ ಕೆರೆದು ತೆಗೆಯಬೇಕು. ಒಣಗಿದ ಮಣ್ಣು ರೋಲರನ್ನು ತಿರುಗಲು ಬಿಡುವುದಿಲ್ಲ, ತಿರುಗದ ರೋಲರ್ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಹಳೆಯ ರೋಲರುಗಳಿಗೆ ಬಿಸಿ ಇರುವಾಗಲೇ ಗ್ರೀಸ್ ಗನ್ನಿನಿಂದ ಹೊಸ ಗ್ರೀಸ್ ತುಂಬಿ ಒಳಗಿನ ನೀರು, ಮಣ್ಣನ್ನು ಹೊರನೂಕಬೇಕು. ಗಾಡಿಯನ್ನು ಹಲಗೆಗಳ ಮೇಲೆ ನಿಲ್ಲಿಸಿ, ಬ್ಲೇಡನ್ನು ದಿಮ್ಮಿಯ ಮೇಲೆ ಇಳಿಸಿ, ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ಹನಿ ಕಟ್ಟದಂತೆ ಡೀಸೆಲ್ಲನ್ನು ಮೂತಿಯವರೆಗೆ ತುಂಬಬೇಕು. ಕೊನೆಯದಾಗಿ, ಹೊಗೆಕೊಳವೆಯ ಮೇಲೆ ಡಬ್ಬ.